‘ಕರ್ವಾಲೊ’: ವಿಜ್ಞಾನ ಕಾದಂಬರಿಯ ಮೂಡಿಗೆರೆ ದಾರಿ

ಕೆ.ಪಿ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಕೃತಿಯನ್ನು ಪರಿಸರ ಕಾದಂಬರಿ, ವಿಜ್ಞಾನ ಕಾದಂಬರಿ, ಸಾಹಸಕಥೆ ಎಂದು ಬೇರೆ ಬೇರೆಯಾಗಿ ಗುರುತಿಸುವುದುಂಟು. ಈ ಹೆಸರುಗಳಲ್ಲಿ ಯಾವುದೂ ಸುಳ್ಳಲ್ಲವಾದರೂ ಯಾವುದೂ ಸಾಲದು. ಏಕೆಂದರೆ ಇಲ್ಲಿನ ಪ್ರಕಾರಗಳ ಬೆರಕೆ ಕಥನತಂತ್ರದ ಪ್ರಯೋಗವಾಗಿ ಹುಟ್ಟಿದ್ದಲ್ಲ, ಮೂಡಿಗೆರೆಯ ಕಾಫಿ ಸೀಮೆಯ ಬದುಕೇ ಒದಗಿಸಿದ್ದು.

ಇದರ ಸಿದ್ಧತೆ 1973ರಷ್ಟು ಹಿಂದೆಯೇ ಕಾಣುತ್ತದೆ. ‘ಅಬಚೂರಿನ ಪೋಸ್ಟಾಫೀಸು’ ಸಂಕಲನದ ಮುನ್ನುಡಿಯಲ್ಲಿ ತೇಜಸ್ವಿಯವರು ನವ್ಯ ಮಾರ್ಗದಿಂದ, ಅಂದರೆ ವ್ಯಕ್ತಿಯ ಅಂತರಂಗದ ತಳಮಳವನ್ನೇ ಕೇಂದ್ರವಾಗಿಸಿಕೊಂಡಿದ್ದ ಬರವಣಿಗೆಯಿಂದ, ದೂರ ಸರಿಯುವುದನ್ನು ಸಾರಿ, ಲೋಹಿಯಾ, ಕುವೆಂಪು ಮತ್ತು ಶಿವರಾಮ ಕಾರಂತರ ಪ್ರಭಾವವನ್ನು ನೆನೆದರು. ‘ವಿಜ್ಞಾನ ಪ್ರಪಂಚ’ದ ಸಂಪುಟಗಳನ್ನು ಬರೆದ ಕಾರಂತರ ಹೆಸರು ಆ ಸಾಲಿನಲ್ಲಿರುವುದು ಆಕಸ್ಮಿಕವಲ್ಲ.

ಕಾದಂಬರಿ ತೆರೆದುಕೊಳ್ಳುವುದು ಪ್ರಯೋಗಾಲಯದಲ್ಲಲ್ಲ, ಜೇನು ಸೊಸೈಟಿಯಲ್ಲಿ. ಕೃಷಿಯ ಕಷ್ಟಗಳಿಂದ ಬೇಸತ್ತು ಜಮೀನನ್ನೇ ಮಾರಲು ಯೋಚಿಸುತ್ತಿರುವ ನಿರೂಪಕ, ಊರವರು ದಂಡಪಿಂಡವೆಂದು ತಿಳಿದಿರುವ ಮಂದಣ್ಣ, ಹಾವು ಹಿಡಿಯುವ ಎಂಗ್ಟ, ಬಿರಿಯಾನಿ ಕರಿಯಪ್ಪ, ಛಾಯಾಗ್ರಾಹಕ ಪ್ರಭಾಕರ, ಕಿವಿ ಎಂಬ ನಾಯಿ ಇವರೆಲ್ಲ ವಿಜ್ಞಾನಿ ಕರ್ವಾಲೊ ಅವರ ಸುತ್ತ ಸೇರುತ್ತಾರೆ. ಮಂದಣ್ಣನ ಮದುವೆ, ಕಳ್ಳಭಟ್ಟಿಯ ಪ್ರಕರಣ, ಪೊಲೀಸು, ಕೋರ್ಟು ಎಂದು ಸಾಗುವ ಹಾಸ್ಯಕಥೆಯೊಳಗೇ ಹಾರುವ ಓತಿಯ ಸುದ್ದಿ ನುಸುಳುತ್ತದೆ. ಅದನ್ನು ಕಂಡವನು ಮಂದಣ್ಣನಾದ್ದರಿಂದ, ಊರು ಲೆಕ್ಕಕ್ಕೇ ತೆಗೆದುಕೊಳ್ಳದ ಅವನೊಳಗೆ ಒಬ್ಬ ಹುಟ್ಟು ಜೀವಶಾಸ್ತ್ರಜ್ಞನನ್ನು ಕರ್ವಾಲೊ ಗುರುತಿಸುತ್ತಾರೆ. ಕಾದಂಬರಿಯ ನಿಜವಾದ ಶೋಧ ಇದೇ ಎಂದರೂ ನಡೆದೀತು.

ಕಾಡಿನಾಳಕ್ಕೆ ಹೋಗಿ ಪುರಾತನ ಜೀವಿಯನ್ನು ಹುಡುಕುವ ಕಥೆಗೆ ಆರ್ಥರ್ ಕಾನನ್ ಡಾಯ್ಲ್ ಅವರ ‘ದಿ ಲಾಸ್ಟ್ ವರ್ಲ್ಡ್’ (1912) ಹಳೆಯ ಇಂಗ್ಲಿಷ್ ಮಾದರಿ. ಅಲ್ಲಿ ದಕ್ಷಿಣ ಅಮೆರಿಕದಿಂದ ಹಿಡಿದು ತಂದ ಟೆರೊಡಾಕ್ಟೈಲ್, ಅಂದರೆ ಡೈನೊಸಾರ್‌ಗಳ ಕಾಲದ ಹಾರುವ ಸರೀಸೃಪ, ಲಂಡನ್ನಿನ ಸಭಾಂಗಣದ ಕಿಟಕಿಯಿಂದ ತಪ್ಪಿಸಿಕೊಳ್ಳುವ ಮುನ್ನ ನೆರೆದವರಿಗೆ ಸಾಕ್ಷ್ಯವಾಗಿ ಒದಗಿರುತ್ತದೆ. ತೇಜಸ್ವಿಯವರ ಓತಿಯಾದರೋ ಯಾವ ಸಭೆಯನ್ನೂ ಮುಟ್ಟದೆ, ಹಿಡಿಯಲು ಬಂದವರ ಕಣ್ಣೆದುರೇ ಘಟ್ಟದ ಕಣಿವೆಯತ್ತ ತೇಲಿಹೋಗುತ್ತದೆ.

ವಾಸ್ತವದಲ್ಲಿ ಡ್ರಾಕೊ ಡಸ್ಸುಮಿಯೆರಿ ಎಂಬ ಹಾರುವ ಓತಿ ಪಶ್ಚಿಮಘಟ್ಟದ ಕಾಡುಗಳಲ್ಲಿ ಮಾತ್ರವಲ್ಲ, ಅಡಿಕೆ ತೋಟಗಳಲ್ಲೂ ಇದೆ. ಉದ್ದಕ್ಕೆ ಬೆಳೆದ ಪಕ್ಕೆಲುಬುಗಳ ಆಧಾರದಲ್ಲಿ ಚರ್ಮದ ಪೊರೆಯನ್ನು ಬಿಚ್ಚಿ ಅದು ಮರದಿಂದ ಮರಕ್ಕೆ ತೇಲುತ್ತದೆ, ರೆಕ್ಕೆ ಬಡಿಯುವುದಿಲ್ಲ. ಕಾದಂಬರಿಯ ಓತಿಯಾದರೋ ವಿಕಾಸದ ದಾರಿಯಲ್ಲಿ ಯುಗಗಳಿಂದ ಬದಲಾಗದೆ ನಿಂತ ಅಪರೂಪದ ಜೀವಿ. ಕೃತಿಯನ್ನು ಪ್ರಾಣಿಶಾಸ್ತ್ರದ ವರದಿಯೆಂದು ಓದುವವರು ಎಡವುವುದು ಇಲ್ಲಿಯೇ: ವಿಜ್ಞಾನ ಕಾದಂಬರಿ ಸಾಮಾನ್ಯವಾಗಿ ಭವಿಷ್ಯದ ಯಂತ್ರಗಳತ್ತ ಚಾಚುವ ಕಲ್ಪನೆಯನ್ನು ತೇಜಸ್ವಿಯವರು ಭೂಮಿಯ ಭೂತಕಾಲದತ್ತ ತಿರುಗಿಸಿದ್ದಾರೆ.

ಮುಂದೆ ‘ಚಿದಂಬರ ರಹಸ್ಯ’ (1985) ಏಲಕ್ಕಿ ಬೆಳೆಯ ಅವನತಿ, ವಿಜ್ಞಾನಿಯೊಬ್ಬರ ಸಾವು ಮತ್ತು ಊರಿನ ಜಾತಿ ರಾಜಕಾರಣವನ್ನು ಪತ್ತೇದಾರಿ ಚೌಕಟ್ಟಿಗೆ ತಂದಿತು; ‘ಜುಗಾರಿ ಕ್ರಾಸ್’ ರೋಚಕ ಕಾದಂಬರಿಯ ವೇಗವನ್ನು ಎರವಲು ಪಡೆಯಿತು. ಕೇಂದ್ರ ಸಾಹಿತ್ಯ ಅಕಾಡೆಮಿ 1987ರಲ್ಲಿ ಪ್ರಶಸ್ತಿ ನೀಡಿದ್ದು ‘ಚಿದಂಬರ ರಹಸ್ಯ’ಕ್ಕೆ. ಆದರೆ ಅಲ್ಲಿ ಕಾಣುವ ಪ್ರಕಾರಗಳ ಬೆಸುಗೆಯ ಗುರುತು ‘ಕರ್ವಾಲೊ’ದಲ್ಲಿ ಕಾಣುವುದಿಲ್ಲವಾದ್ದರಿಂದ, ರೂಪದ ದೃಷ್ಟಿಯಿಂದ ಹೆಚ್ಚು ಹದಗೊಂಡ ಕೃತಿ ಮೊದಲನೆಯದೇ.