ಹತ್ತಿಯ ಸುಗ್ಗಿ ಮತ್ತು ವಸೂಲಾಗದ ಸಾಲ: ಬ್ಯಾಂಕ್ ಆಫ್ ಬಾಂಬೆಯ ಪತನ

ಬ್ಯಾಂಕುಗಳ ವಸೂಲಾಗದ ಸಾಲಕ್ಕೆ ಇಂದು ‘ಅನುತ್ಪಾದಕ ಆಸ್ತಿ’ ಎಂಬ ಪಾರಿಭಾಷಿಕ ಹೆಸರಿದೆ. ಹೆಸರು ಹೊಸದಾದರೂ ವ್ಯಾಧಿ ಹಳೆಯದು. ಅದರ ಮೂಲವನ್ನರಿಯಲು ಹತ್ತೊಂಬತ್ತನೆಯ ಶತಮಾನದ ಮುಂಬಯಿಯ ಇತಿಹಾಸ ನೆರವಾಗುತ್ತದೆ.

1840ರಲ್ಲಿ ಸ್ಥಾಪಿತವಾದ ಬ್ಯಾಂಕ್ ಆಫ್ ಬಾಂಬೆಯಲ್ಲಿ ಸರ್ಕಾರದ ಪಾಲೂ ಇದ್ದಿತು. ಯಾವ ಆಧಾರದ ಮೇಲೆ ಸಾಲ ಕೊಡಬಹುದೆಂಬುದಕ್ಕೆ ಅದರ ಸನ್ನದು ಬಿಗಿಯಾದ ಕಟ್ಟುಪಾಡುಗಳನ್ನು ವಿಧಿಸಿತ್ತು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ತೊಡಗಿ, ಅಲ್ಲಿನ ದಕ್ಷಿಣದ ಬಂದರುಗಳಿಗೆ ದಿಗ್ಬಂಧನವಾಯಿತು. ಲ್ಯಾಂಕಾಷೈರಿನ ಗಿರಣಿಗಳು ಭಾರತದ ಹತ್ತಿಯನ್ನು ಆಶ್ರಯಿಸಿದವು. ಗುಜರಾತ್, ವಿದರ್ಭ, ಧಾರವಾಡ ಸೀಮೆಗಳ ಅರಳೆಗೆ ಹಿಂದೆಂದೂ ಇಲ್ಲದ ಬೆಲೆ ಬಂದು, ಮುಂಬಯಿಗೆ ಹಣ ಹರಿಯಿತು. ಹೊಸ ಕಂಪನಿಗಳು ಹುಟ್ಟಿಕೊಂಡವು. ಕಡಲನ್ನು ತುಂಬಿ ನೆಲಮಾಡಲು ಹೊರಟ ಬ್ಯಾಕ್ ಬೇ ಕಂಪನಿಯ ಷೇರು ಮುಖಬೆಲೆಯ ಹಲವು ಪಟ್ಟು ಏರಿತು.

ಇದೇ ವೇಳೆಗೆ, 1863ರ ಕಾಯಿದೆಯು ಬ್ಯಾಂಕಿನ ಹಳೆಯ ಕಟ್ಟುಪಾಡುಗಳನ್ನು ಸಡಿಲಿಸಿತು. ಷೇರುಗಳ ಅಡವಿನ ಮೇಲೂ ಸಾಲ ದೊರೆಯತೊಡಗಿತು. ಸೂರತ್ ಮೂಲದ ಜೈನ ವರ್ತಕ ಪ್ರೇಮಚಂದ್ ರಾಯ್‌ಚಂದ್‌ಗೆ ಬ್ಯಾಂಕಿನ ಆಡಳಿತದಲ್ಲಿ ಅಪಾರ ಪ್ರಭಾವವಿದ್ದಿತು. ಅವರ ಶಿಫಾರಸಿನವರಿಗೆ ಸಾಲ ಸುಲಭವಾಗಿ ಸಿಗುತ್ತಿತ್ತು. ಸಾಲಗಾರನ ಆದಾಯಕ್ಕೂ ಅವನು ಅಡವಿಟ್ಟ ಷೇರಿನ ಮೌಲ್ಯಕ್ಕೂ ಹತ್ತಿಯ ಧಾರಣೆಯೊಂದೇ ಆಧಾರವೆಂಬುದನ್ನು ಯಾರೂ ಗಣಿಸಲಿಲ್ಲ.

1865ರ ಏಪ್ರಿಲ್‌ನಲ್ಲಿ ದಕ್ಷಿಣದ ಸೇನಾಪತಿ ಲೀ ಶರಣಾದರು. ಹತ್ತಿಯ ಬೆಲೆ ಕುಸಿಯಿತು. ಸಾಲಗಾರನ ಶಕ್ತಿಯೂ ಅಡವಿನ ಮೌಲ್ಯವೂ ಒಟ್ಟಿಗೇ ನಾಶವಾದವು. ಬ್ಯಾಂಕಿನ ಬಂಡವಾಳದ ಬಹುಭಾಗ ಕರಗಿ, 1868ರಲ್ಲಿ ಅದರ ಸ್ಥಾನದಲ್ಲಿ ಹೊಸ ಬ್ಯಾಂಕೊಂದು ತಲೆಯೆತ್ತಿತು. 1921ರಲ್ಲಿ ಇಂಪೀರಿಯಲ್ ಬ್ಯಾಂಕಿನಲ್ಲಿ ವಿಲೀನವಾದುದು ಈ ಹೊಸ ಬ್ಯಾಂಕೇ.

ಪತನದ ವಿಚಾರಣೆಗೆ ಸರ್ ಚಾರ್ಲ್ಸ್ ಜಾಕ್ಸನ್ ಅಧ್ಯಕ್ಷತೆಯ ಆಯೋಗ ನೇಮಕವಾಯಿತು. ಅದು ಕಾಲದ ಅಸಾಮಾನ್ಯತೆಯನ್ನು ಒಪ್ಪಿತಾದರೂ ಅಲ್ಲಿಗೇ ನಿಲ್ಲಲಿಲ್ಲ. ಸಡಿಲಗೊಂಡ ಸನ್ನದು, ಕಾರ್ಯದರ್ಶಿಗಳ ಅಧಿಕಾರ ದುರುಪಯೋಗ, ನಿರ್ದೇಶಕರ ಅಲಕ್ಷ್ಯ ಇವನ್ನೂ ಕಾರಣಗಳೆಂದು ಗುರುತಿಸಿತು. ಮಾರುಕಟ್ಟೆಯ ಏರಿಳಿತ, ನಿಯಮಗಳ ಶೈಥಿಲ್ಯ, ಆಡಳಿತದ ದೌರ್ಬಲ್ಯ ಎಂದು ಇಂದಿನ ಅರ್ಥಶಾಸ್ತ್ರಜ್ಞರು ವಿಂಗಡಿಸುವ ಕಾರಣಗಳೂ ಬಹುಮಟ್ಟಿಗೆ ಇವೇ.

ಪ್ರೇಮಚಂದರೂ ದಿವಾಳಿಯಾದರು. ಆದರೆ ಅವರು ದಾನವಾಗಿ ಕೊಟ್ಟಿದ್ದ ಹಣದಿಂದ, ಅವರ ತಾಯಿಯ ಹೆಸರಿನಲ್ಲಿ, 1878ರಲ್ಲಿ ಪೂರ್ಣಗೊಂಡ ರಾಜಾಬಾಯಿ ಗೋಪುರ ಮುಂಬಯಿ ವಿಶ್ವವಿದ್ಯಾಲಯದ ಆವರಣದಲ್ಲಿ ಇಂದಿಗೂ ನಿಂತಿದೆ. ಆ ಸುಗ್ಗಿಯಲ್ಲಿ ದಾನವಾಗಿ ಹೋದದ್ದು ಉಳಿಯಿತು, ಸಾಲವಾಗಿ ಹೋದದ್ದು ಮರಳಲಿಲ್ಲ. ಮರಳದ ಆ ಸಾಲಗಳು ಕೆಟ್ಟದ್ದು ಬೆಲೆ ಕುಸಿದ 1865ರಲ್ಲಲ್ಲ. ಪರಿಶೀಲನೆಯಿಲ್ಲದೆ ಅವು ಮಂಜೂರಾದ ಸಮೃದ್ಧಿಯ ದಿನಗಳಲ್ಲಿ.