ಜೋಗಿಮಟ್ಟಿಯ ಸೀಮೆಯೂ ಮೊಲಬೇಟೆಯ ನಾಯಿಯೂ

ಚಿತ್ರದುರ್ಗದ ಜೋಗಿಮಟ್ಟಿಯ ಕುರುಚಲು ಕಾಡು, 1779ರವರೆಗೆ ದುರ್ಗವನ್ನಾಳಿದ ಬೇಡ ನಾಯಕರ ಸೀಮೆಗೆ ಸೇರಿದ್ದಿತು. ಬೇಟೆಯೇ ಕುಲವೃತ್ತಿಯಾಗಿದ್ದ ಜನಕ್ಕೆ ನಾಯಿಯ ಆಯ್ಕೆ ಅಲ್ಪ ವಿಷಯವಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ತರುವಾಯ ಮೊಲಬೇಟೆ ನಿಷಿದ್ಧವಾದುದರಿಂದ ಆ ವಿದ್ಯೆಯು ಈಗ ಚರಿತ್ರೆಯ ವಸ್ತುವಾಗಿದೆ.

ಬೇಟೆನಾಯಿಗೆ ಕನ್ನಡಿಗರು ಸಲ್ಲಿಸಿದ ಗೌರವಕ್ಕೆ ಆತಕೂರು ಶಾಸನವೇ ಪ್ರಮಾಣ. ಕ್ರಿ. ಶ. 950ರ ಸುಮಾರಿನಲ್ಲಿ ಮಣಲೇರನು ಗಂಗರ ಬೂತುಗನಿಂದ ಮೆಚ್ಚಾಗಿ ಬೇಡಿ ಪಡೆದುದು ‘ಕಾಳಿ’ಯೆಂಬ ನಾಯಿಯನ್ನು, ಅದು ಹಂದಿಯೊಡನೆ ಕಾದಿ ಮಡಿಯಲು ಕಲ್ಲು ನಿಲ್ಲಿಸಿ ಭೂಮಿಯನ್ನು ಬಿಟ್ಟರು. ಆದರೆ ಕಾಳಿಯನ್ನು ಮೊಲಬೇಟೆಯ ನಾಯಿಗೆ ಮಾದರಿಯೆಂದು ಎಣಿಸಲಾಗದು. ಹಂದಿಯನ್ನು ತಡೆಯುವ ನಾಯಿಗೆ ಕೆಚ್ಚು ಮುಖ್ಯ. ಮೊಲವನ್ನು ಅಟ್ಟುವ ನಾಯಿಗೆ ತೀಕ್ಷ್ಣವಾದ ದೃಷ್ಟಿ, ನೀಳವಾದ ಕಾಲು, ಆಳವಾದ ಎದೆ, ಸಣ್ಣ ನಡು ಬೇಕು. ಮುಧೋಳದ ತಳಿಯಲ್ಲಿ ಇವೆಲ್ಲವೂ ಕಾಣುತ್ತವೆ.

ಅಂಗಲಕ್ಷಣವೊಂದೇ ಸಾಲದು. ಅಟ್ಟಿಸಿಕೊಂಡ ಮೊಲವು ಥಟ್ಟನೆ ಪಕ್ಕಕ್ಕೆ ಹೊರಳುತ್ತದೆ. ಎಳೆಯ ನಾಯಿಯು ತನ್ನ ವೇಗದಿಂದಲೇ ಮುಂದಕ್ಕೆ ಹಾಯ್ದುಹೋಗುತ್ತದೆ. ಆದಕಾರಣ ಮರಿಗೆ ಮೊದಲು ಕರೆದೊಡನೆ ಮರಳುವುದನ್ನು ಕಲಿಸಿ, ಎಲುಬು ಬಲಿತ ಮೇಲೆ ಪಳಗಿದ ನಾಯಿಯ ಜೊತೆಯಲ್ಲಿ ಬಿಡಬೇಕು. ಹೊರಳನ್ನು ಅದು ಹಿರಿಯ ನಾಯಿಯಿಂದಲೇ ಕಲಿಯಬೇಕಲ್ಲದೆ ಮನುಷ್ಯನು ಕಲಿಸಲಾರನು.

ಮೊಲವು ನಾಯಿಗಳನ್ನೇ ಎದುರಿಸಿದ ನೆಲದಲ್ಲಿ ವಿಜಯನಗರವು ಎದ್ದಿತೆಂಬ ಐತಿಹ್ಯವು ಪ್ರಸಿದ್ಧವಷ್ಟೆ. ಬೆಂಗಳೂರಿಗೂ ಅದೇ ಕಥೆ ಅಂಟಿದೆ. ಇದನ್ನು ಬರಿಯ ಸ್ಥಳಮಹಿಮೆಯೆಂದು ತಳ್ಳಿಹಾಕುವುದು ಉಚಿತವಲ್ಲ. ಹೊರಳುವ ಮೊಲ, ದಾರಿ ತಪ್ಪಿ ಮುಂದೋಡುವ ನಾಯಿ: ದೂರದಿಂದ ಕಂಡವನಿಗೆ ಮೊಲವೇ ನಾಯಿಯನ್ನು ಬೆನ್ನಟ್ಟಿದಂತೆ ತೋರಿದರೆ ಆಶ್ಚರ್ಯವಿಲ್ಲ. ಈ ಕಥೆಯನ್ನು ಮೊದಲು ಹೇಳಿದವನು ಬೇಟೆಗಾರನೇ ಆಗಿರಬೇಕು.