ಮನೆಯಲ್ಲೇ ಸರ್ಕ್ಯೂಟ್ ಬೋರ್ಡ್: ಯಾವ ಪ್ರಿಂಟರ್ ಆದರೂ ನಡೆಯುತ್ತದೆಯೇ?

ಇಲ್ಲ, ಲೇಸರ್ ಪ್ರಿಂಟರೇ ಬೇಕು. ತೇರಗಾಂವದಿಂದ ಹಳಿಯಾಳದ ಇಂಜಿನಿಯರಿಂಗ್ ಕಾಲೇಜಿಗೆ ಹೋಗುವ ವಿದ್ಯಾರ್ಥಿಯೂ ಪ್ರಾಜೆಕ್ಟ್‌ಗೆ ಪ್ರಿಂಟರ್ ಕೊಳ್ಳುವ ಮುನ್ನ ಇದನ್ನು ತಿಳಿದಿರಲಿ ಎನ್ನುತ್ತೇವೆ ನಾವು.

ಕಾರಣ ಏನು? ಲೇಸರ್ ಟೋನರ್ ಎಂದರೆ ಪ್ಲಾಸ್ಟಿಕ್ ಪುಡಿ. ಇಸ್ತ್ರಿಪೆಟ್ಟಿಗೆಯ ಬಿಸಿಗೆ ಅದು ಕರಗಿ, ಕಾಗದದಿಂದ ಬೋರ್ಡಿನ ತಾಮ್ರಕ್ಕೆ ಅಂಟುತ್ತದೆ. ಫೆರಿಕ್ ಕ್ಲೋರೈಡ್ ದ್ರಾವಣದಲ್ಲಿ ಮುಳುಗಿಸಿದಾಗ ಟೋನರ್ ಅಡಿಯ ತಾಮ್ರ ಉಳಿದು, ಮಿಕ್ಕಿದ್ದು ಕರಗುತ್ತದೆ. ಇಂಕ್‌ಜೆಟ್ ಶಾಯಿಗೆ ಈ ಗುಣವಿಲ್ಲ.

ಕೊಳ್ಳುವಾಗ ನೋಡಿ:
• ಕಪ್ಪು-ಬಿಳುಪು ಸಾಕು. ಸಾಮಾನ್ಯ ಬೋರ್ಡಿಗೆ 600 ಡಿಪಿಐ ಸಾಲುತ್ತದೆ.
• ದಪ್ಪ ಕಾಗದ ಹೆಚ್ಚು ಬಾಗದೆ ಹೊರಬರಬೇಕು.
• ಟೋನರ್ ಉಳಿಸುವ ಸೆಟ್ಟಿಂಗ್ ಆಫ್ ಮಾಡುವಂತಿರಬೇಕು.
• ಎಲ್ಲ ಟೋನರ್ ಒಂದೇ ಬಿಸಿಗೆ ಕರಗುವುದಿಲ್ಲ. ಆ ಮಾದರಿಯ ಒಂದು ಪ್ರಿಂಟ್ ತಂದು ಮೊದಲು ಪರೀಕ್ಷಿಸಿ.

ಎಚ್ಚರ: ಲೇಸರ್ ಪ್ರಿಂಟರಿಗೆ ಇಂಕ್‌ಜೆಟ್ ಫೋಟೋ ಪೇಪರ್ ಹಾಕಬೇಡಿ. ಅದರ ಪ್ಲಾಸ್ಟಿಕ್ ಪದರ ಒಳಗಿನ ಬಿಸಿ ರೋಲರ್‌ಗೆ ಅಂಟಿದರೆ ಪ್ರಿಂಟರೇ ಕೆಡಬಹುದು.